ನೆಟ್ಟಗೆ ಕಂಡ ಮರಿಗಳು

ಅಕ್ಕ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಕೈಯಲ್ಲಿ ಬಾಯಿ ಕಟ್ಟಿದ ಗೊಬ್ಬರದ ಚೀಲವೊಂದಿತ್ತು. ಯುಗಾದಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಏನೋ ತಂದಿದ್ದಾಳೆ ಅಂದುಕೊಂಡು ನಾನು ಕೈ ಚಾಚಿದೆ. ಅವಳು ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು.

"ಇಲ್ಲಿ ಬ್ಯಾಡ. ನಿಮ್ಮ ಲ್ಯಾಬಿಗಿ ನಡಿ."

"ಏನದ ಅದರಾಗ?"

"ನಡಿ ಅಂದ್ನಲ್ಲ."

ಆಗ ನಾನು ಬೀದರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ನಮ್ಮ ತವರು ಭಾಲ್ಕಿ. ಅಕ್ಕನನ್ನು ಔರಾದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಅದು ಮಳೆ ಸತತವಾಗಿ ಕೈಕೊಟ್ಟಿದ್ದ ಕಾಲ. ಅವಳ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಮ್ಮ ಭಾವನೂ ಸಂಕ್ರಾಂತಿ ಮುಗಿಸಿಕೊಂಡು ಪುಣೆಯ ಬಸ್ಸು ಹತ್ತಿದ್ದರು. ಅತ್ತೆಯನ್ನೂ ಆಡುಗಳನ್ನೂ ನೋಡಿಕೊಳ್ಳಲು ಅಕ್ಕ ಉಳಿದಿದ್ದಳು.

ಲ್ಯಾಬಿನ ಕಲ್ಲಿನ ಕಟ್ಟೆಯ ಮೇಲೆ ಅವಳು ಚೀಲ ಬಿಚ್ಚಿದಳು. ಒಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಆಡಿನ ಮರಿ. ಹುಟ್ಟಿ ಸ್ವಲ್ಪ ಹೊತ್ತಿಗೇ ಸತ್ತಿತ್ತು. ಮೈಮೇಲಿನ ಕೂದಲು, ಕಿವಿ, ಪುಟ್ಟ ಗೊರಸು ಎಲ್ಲ ಸರಿಯಾಗಿದ್ದವು. ಕೆಳದವಡೆ ಮಾತ್ರ ಇರಲಿಲ್ಲ. ಮೂಗಿನ ಕೆಳಗೆ ಮುಖ ಅಲ್ಲಿಗೇ ಮುಗಿದುಹೋಗಿತ್ತು.

"ಹಿಂಗ ಹುಟ್ಟಿದ್ದು ಇದೇ ಮೊದಲಲ್ಲ," ಅಂದಳು ಅಕ್ಕ. "ಹೋದ ತಿಂಗಳದಾಗ ಬಾಜೂ ಮನಿ ಆಡಿಗೂ ಹಿಂಗೇ ಆತು. ಊರಾಗ ದೃಷ್ಟಿ ಅಂತಾರ, ಗ್ರಹಣ ಅಂತಾರ. ನೀ ಓದಾಕಿ ಅದೀ, ನೋಡಿ ಹೇಳು."

ನನ್ನ ಗೈಡ್ ಆಗಿದ್ದ ಮೇಡಂ ಕನ್ನಡಕ ಸರಿಮಾಡಿಕೊಂಡು ಬಂದು, ಮರಿಯ ಮುಖವನ್ನು ಎರಡು ಬೆರಳಿನಿಂದ ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನನ್ನು ಕೇಳಿದರು:

"ಆಡಿಗೆ ಯಾವ ನೀರು ಕುಡಿಸ್ತೀರಿ?"

"ಬೋರಿಂದ್ರಿ ಮೇಡಂ. ದೀಪಾವಳಿ ಮುಂದ ನಮ್ಮ ಓಣಿಗಿ ಹೊಸಾ ಬೋರ್ ಹೊಡದಾರ. ಭಾವಿ ಬತ್ತಿ ಹೋಗ್ಯಾವ. ಟ್ಯಾಂಕರ್ ನಮ್ಮ ಓಣಿಗಿ ಬರೂತನಕ ಖಾಲಿ ಆಗಿರ್ತದರಿ."

"ನೀವು?"

"ನಾವೂ ಅದೇ ಕುಡೀತೇವ್ರಿ. ಮತ್ತ್ಯಾವ ನೀರು ಅದಾವ?"

ಇಷ್ಟು ಹೇಳಿ ಅಕ್ಕ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಅವಳ ಕೈ ಹೊಟ್ಟೆಯ ಮೇಲೆ ನಿಂತಿತು. ನನಗೆ ಆಗ ಗೊತ್ತಾಯಿತು. ಮದುವೆಯಾಗಿ ವರ್ಷಗಳೇ ಕಳೆದಿದ್ದವು. ಹಿಂದೆ ಎರಡು ಸಲ ಬಸಿರು ನಿಂತು ಜಾರಿಹೋಗಿತ್ತು. ಈ ಸಲ ಯಾರಿಗೂ ಹೇಳಬಾರದೆಂದು ಬಾಯಿ ಬಿಗಿಹಿಡಿದಿದ್ದಳು, ತಾಯಿಗೂ ಹೇಳಿರಲಿಲ್ಲ.

"ಎಷ್ಟು ತಿಂಗಳಾತಕ್ಕ?"

"ಮೂರು ತುಂಬ್ಯಾವ," ಅಂದಳು, ಸತ್ತ ಮರಿಯನ್ನು ನೋಡುತ್ತ.

ಅವಳು ಮುಖ ತೊಳೆಯಲು ಹೊರಗೆ ಹೋದಾಗ ಮೇಡಂ ದನಿ ತಗ್ಗಿಸಿದರು. "ಮುಖ, ದವಡೆ, ಹೃದಯ ಎಲ್ಲ ಮೊದಲ ಎರಡು ಮೂರು ತಿಂಗಳಲ್ಲೇ ರೂಪುಗೊಳ್ತವೆ. ಆ ಕಾಲ ಆಗಲೇ ಮುಗಿದಿದೆ. ಈಗ ನೀರು ಬಿಡಿಸಿದರೂ ಆಗಿದ್ದು ಆಗಿರುತ್ತದೆ. ಆದರೂ ಬಿಡಿಸು. ಮಿದುಳು ಇನ್ನೂ ಬೆಳೆಯುತ್ತ ಇರುತ್ತದೆ."

ನಾನು ಅಕ್ಕನನ್ನು ಆಗಲೇ ದವಾಖಾನೆಗೆ ಕರೆದುಕೊಂಡು ಹೋದೆ. ಇಷ್ಟು ಚಿಕ್ಕ ಪಿಂಡದಲ್ಲಿ ಎಲ್ಲವನ್ನೂ ನೋಡಿ ಹೇಳಲಾಗದು, ಐದನೆಯ ತಿಂಗಳಲ್ಲಿ ಬನ್ನಿ ಅಂದರು ಡಾಕ್ಟರು. ಭಾಲ್ಕಿಗೆ ಹೋಗಿ ಅವ್ವನ ಹತ್ತಿರ ಇರು ಅಂದರೆ ಅಕ್ಕ ಒಪ್ಪಲಿಲ್ಲ. "ಆಡು ಯಾರು ನೋಡ್ತಾರ? ಮುದುಕಿ ಒಬ್ಬಾಕಿ ಅದಾಳ," ಅಂದು ಮಧ್ಯಾಹ್ನದ ಬಸ್ಸಿಗೇ ತಿರುಗಿ ಹೋದಳು. ನಾನು ತುಂಬಿಕೊಟ್ಟ ನೀರಿನ ಕ್ಯಾನು ಅವಳ ಕಾಲ ಬಳಿ ಇತ್ತು. ಅದು ಎಷ್ಟು ದಿನ ಬಂದೀತು?

ಆ ವಾರವೇ ನಾನು ಅವಳ ಹಳ್ಳಿಗೆ ಹೋದೆ. ಔರಾದ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಉಳುಮೆ ಕಾಣದ ಹೊಲ. ಓಣಿಯಲ್ಲಿ ಬೀಗ ಹಾಕಿದ ಬಾಗಿಲುಗಳ ಮುಂದೆ ಧೂಳು ಕೂತಿತ್ತು. ಓಣಿಯ ಬುದ್ಧ ವಿಹಾರದ ಕಟ್ಟೆಯ ಮೇಲೆ ಮೂವರು ಮುದುಕರು ಸುಮ್ಮನೆ ಕೂತಿದ್ದರು. ಬೋರು ಓಣಿಯ ಕೊನೆಯಲ್ಲಿತ್ತು. ಅದರ ತೊಟ್ಟಿಯಲ್ಲಿ ಆಡುಗಳು ನೀರು ಕುಡಿಯುತ್ತಿದ್ದವು, ಪಕ್ಕದಲ್ಲಿ ಹೆಂಗಸರು ಕೊಡ ತುಂಬುತ್ತಿದ್ದರು. ನಾನು ಬೊಗಸೆಯಲ್ಲಿ ಹಿಡಿದು ಮೂಸಿದೆ. ಮೊದಲು ಏನೂ ಅನಿಸಲಿಲ್ಲ. ನೀರು ಬೆರಳಿನ ಮೇಲೆ ಆರಿದಾಗ, ಹತ್ತಿ ಬೆಳೆಗೆ ಹೊಡೆಯುವ ಕ್ರಿಮಿನಾಶಕದ ವಾಸನೆ ಸಣ್ಣಗೆ ಎದ್ದಿತು.

ಅಕ್ಕನ ಅತ್ತೆಯನ್ನು ನಾನು ಆಯಿ ಅನ್ನುತ್ತಿದ್ದೆ, ಆಕೆ ನನ್ನನ್ನು ಬಾಯಿ ಅನ್ನುತ್ತಿದ್ದರು. ಆಕೆ ಬೋರಿನ ಆಚೆ ಕೈ ಮಾಡಿ ತೋರಿಸಿದರು. ಅಲ್ಲಿ ತಗಡು ಕಿತ್ತುಹೋದ ಒಂದು ಗೋದಾಮಿನ ಗೋಡೆ.

"ಅಲ್ಲಿ ಮೊದಲ ಬೆಳಿ ಔಷಧದ ದಂಧಾ ಇತ್ತು ಬಾಯಿ. ಅಂವ ಬಂದ್ ಮಾಡಿ ಎತ್ತೋ ಹೋದ. ಹೋಗೂಮುಂದ ಉಳದಿದ್ದ ಡಬ್ಬಿ ಎಲ್ಲಾ ಹಿಂದಿನ ಹಾಳ ಭಾವ್ಯಾಗ ಒಗದು ಮಣ್ಣು ಎಳದಾನ. ಎಲ್ಲಾರೂ ನೋಡೀವಿ."

"ಬೋರ್ ಹೊಡಿಯೂಮುಂದ ಯಾರೂ ಹೇಳಲಿಲ್ಲೇನ ಆಯಿ?"

"ನೀರು ಬಿತ್ತಲ್ಲ ಬಾಯಿ. ನೀರು ಬಿದ್ದಾಗ ಯಾರಿಗಿ ಭಾವಿ ನೆಪ್ಪಾಗ್ತದ?"

ನಾನು ಬಾಟಲಿಗಳಲ್ಲಿ ನೀರು ತುಂಬಿಕೊಂಡೆ. ಅಲ್ಲಿ ಕೊಡ ತುಂಬುತ್ತಿದ್ದವರಲ್ಲಿ ಇನ್ನೊಬ್ಬಳು ಬಸುರಿ ಇದ್ದಳು, ಏಳರ ಹೊಟ್ಟೆ. ಮತ್ತೊಬ್ಬಳು, ಹೊಸ ಸೊಸೆ, ಎರಡು ತಿಂಗಳ ಬಸುರಿಯಾಗಿಯೇ ಗಂಡನ ಜೊತೆ ಪುಣೆಗೆ ಹೋಗಿದ್ದಾಳೆ ಅಂದರು. ಪುಣೆಯಲ್ಲಿ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗಿಯ ಮುಖವನ್ನು ನಾನು ಕಂಡಿಲ್ಲ. ಆದರೂ ಬಹಳ ವರ್ಷ ಅವಳು ನನ್ನ ತಲೆಯಲ್ಲಿ ಯಾವುದೋ ಅರ್ಧ ಕಟ್ಟಿದ ಕಟ್ಟಡದ ಮೆಟ್ಟಿಲು ಹತ್ತುತ್ತಲೇ ಇದ್ದಳು.

ನಮ್ಮ ಲ್ಯಾಬಿನಲ್ಲಿ ಪಟ್ಟೆಪಟ್ಟೆಯ ಸಣ್ಣ ಮೀನುಗಳನ್ನು ಸಾಕಿದ್ದೆವು. ಅವುಗಳ ಮೊಟ್ಟೆ ಗಾಜಿನಷ್ಟು ತಿಳಿ. ಇವತ್ತು ಇಟ್ಟ ಮೊಟ್ಟೆಯಲ್ಲಿ ನಾಳೆ ಹೃದಯ ಬಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಅದಕ್ಕಾಗಿಯೇ ನಾನು ಆ ಕೆಲಸವನ್ನು ಪ್ರೀತಿಸುತ್ತಿದ್ದೆ. ಮೇಡಂ ಹೇಳಿದಂತೆ ಮೊಟ್ಟೆಗಳನ್ನು ಮೂರು ಪಾಲು ಮಾಡಿದೆ. ಒಂದು ಶುದ್ಧ ನೀರಿನಲ್ಲಿ, ಒಂದು ಬೋರಿನ ನೀರಿನಲ್ಲಿ, ಇನ್ನೊಂದು ಶುದ್ಧ ನೀರಿಗೆ ಬೋರಿನ ನೀರನ್ನು ಬಹಳ ಸ್ವಲ್ಪ ಬೆರೆಸಿದ್ದರಲ್ಲಿ.

ಬೋರಿನ ನೀರಿನಲ್ಲಿದ್ದವು ಹಾಳಾದವು. ಬೆನ್ನು ಬಾಗಿತು. ಹೃದಯದ ಸುತ್ತ ನೀರು ತುಂಬಿ ಗುಳ್ಳೆಯಂತೆ ಉಬ್ಬಿತು, ಅದರೊಳಗೆ ಹೃದಯ ದಾರದ ಹಾಗೆ ಎಳೆದುಕೊಂಡು ಬಡಿಯಲು ಹೆಣಗುತ್ತಿತ್ತು. ಕೆಲವಕ್ಕೆ ದವಡೆ ಮೂಡಿರಲಿಲ್ಲ. ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕಿಟಕಿಯ ಹೊರಗೆ ನೋಡಿದೆ. ಹೊರಗೆ ಹುಡುಗಿಯರು ನಗುತ್ತ ಕ್ಯಾಂಟೀನಿನ ಕಡೆ ಹೋಗುತ್ತಿದ್ದರು. ಅಕ್ಕ ಈಗ ಕೊಡ ಎತ್ತುತ್ತಿರಬಹುದು ಅನ್ನಿಸಿತು.

ಶುದ್ಧ ನೀರಿನವುಗಳಂತೆಯೇ ಮೂರನೆಯ ಪಾಲಿನವೂ ಚೆನ್ನಾಗಿದ್ದವು. ಮೊಟ್ಟೆಯೊಡೆದು ಬಂದ ಮರಿಗಳ ಬೆನ್ನು ನೆಟ್ಟಗಿತ್ತು, ಕಣ್ಣು ಕಪ್ಪಗೆ ದುಂಡಗಿತ್ತು, ಮುಟ್ಟಲು ಹೋದರೆ ಚಂಗನೆ ಓಡುತ್ತಿದ್ದವು. ನನಗೆ ಅಳು ಬರುವಷ್ಟು ಸಂತೋಷವಾಯಿತು. "ಮೇಡಂ, ಇವಕ್ಕೇನೂ ಆಗಿಲ್ಲ!"

ಮೇಡಂ ನೋಡಿ ತಲೆಯಾಡಿಸಿದರು. "ಕಣ್ಣಿಗೆ ಕಾಣಲಿಲ್ಲ ಅಂತಷ್ಟೇ ಹೇಳು. ಹೈದರಾಬಾದಿಗೆ ಕಳಿಸೋಣ. ಒಳಗೆ ಯಾವ ಜೀನು ಕೆಲಸ ಮಾಡ್ತಿದೆ, ಯಾವುದು ಸುಮ್ಮನಿದೆ ನೋಡಲಿ."

ಐಸಿನ ಪೆಟ್ಟಿಗೆಯಲ್ಲಿ ಸಣ್ಣ ಕೊಳವೆಗಳನ್ನಿಟ್ಟು ಮಡಿಲಲ್ಲಿ ಹಿಡಿದುಕೊಂಡು ಹೈದರಾಬಾದಿನ ಬಸ್ಸು ಹತ್ತಿದೆ. ಜಹೀರಾಬಾದಿನಲ್ಲಿ ಬಸ್ಸು ಕೆಟ್ಟು ನಿಂತಿತು. ಐಸು ಕರಗಿದರೆ ಕಥೆ ಮುಗಿಯಿತೆಂದು ಇನ್ನೊಂದು ಬಸ್ಸಿಗೆ ಓಡಿದೆ. ಆ ಬಸ್ಸಿನ ತುಂಬ ಗಂಟುಮೂಟೆ ಕಟ್ಟಿಕೊಂಡ ನಮ್ಮ ಕಡೆಯ ಜನ. ಪಕ್ಕದ ಸೀಟಿನಲ್ಲಿ ಒಬ್ಬ ತಾಯಿ ಕೂಸಿಗೆ ಎದೆ ಕೊಟ್ಟುಕೊಂಡು ನಿದ್ದೆ ಹೋಗಿದ್ದಳು. ಯಾವ ಊರಿನ ನೀರು ಕುಡಿದವಳೋ ಅಂತ ನಾನು ಆ ಕೂಸಿನ ಗದ್ದವನ್ನೇ ನೋಡುತ್ತ ಕೂತಿದ್ದೆ. ಅಂದಿನಿಂದ ಅದು ನನಗೆ ಚಟವಾಯಿತು.

ಫಲಿತಾಂಶಕ್ಕೆ ಕಾಯಲು ನನ್ನಿಂದ ಆಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ಹಿಡಿದುಕೊಂಡು ಮತ್ತೆ ಹಳ್ಳಿಗೆ ಹೋದೆ. ವಿಹಾರದ ಮುಂದೆ ಹೆಂಗಸರನ್ನು ಕೂಡಿಸಿ ಬಾಗಿದ ಮೀನುಗಳ ಚಿತ್ರ ತೋರಿಸಿದೆ. ಏಳು ತಿಂಗಳ ಬಸುರಿ ಚಿತ್ರವನ್ನು ಮುಟ್ಟದೆ ದೂರದಿಂದಲೇ ನೋಡಿ ಎದ್ದುಹೋದಳು. ಆಯಿ ಸಿಟ್ಟಿಗೆದ್ದರು.

"ಕುಡೀಬ್ಯಾಡ ಅಂತಿ. ಏನು ಕುಡೀಬೇಕು ಅದನ್ನೂ ಹೇಳು. ಅಂಜಸಾಕ ಬಂದೀ ಏನು?"

ನಾನು ನಿಜವಾಗಿ ಬಂದಿದ್ದು ಅಕ್ಕನೊಬ್ಬಳನ್ನು ಕರೆದುಕೊಂಡು ಹೋಗಲು. ಅದನ್ನು ಹೇಳಿದೆ. ಅಕ್ಕ ಎದ್ದು ನಿಂತಳು.

"ನಾ ಒಬ್ಬಾಕಿ ಭಾಲ್ಕಿಗಿ ಬಂದ್ರ ಉಳದವ್ರೇನು ಕುಡೀಬೇಕು? ಮೊದಲ ನೀರಿಂದು ಆಗ್ಲಿ. ಆಮ್ಯಾಲ ನೋಡೂಣು."

ಮರುದಿನ ಬೆಳಿಗ್ಗೆ ಟ್ಯಾಂಕರ್ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಊರ ಬಾಗಿಲಾದ ಅಗಸಿಯ ಮುಂದೆ ಕೊಡ ಇಟ್ಟುಕೊಂಡು ರಸ್ತೆಯ ಮೇಲೆ ಕೂತರು. ಅಕ್ಕ ನಡುವೆ ಕೂತಿದ್ದಳು. ಡ್ರೈವರು ಹಾರ್ನ್ ಹೊಡೆದ. ಊರಿನವರು ಕೆಲವರು ಬಂದು ಗದರಿಸಿದರು. ತಳ್ಳಾಟವಾಗಿ ಅಕ್ಕ ಬಿದ್ದರೆ ಎಂದು ನಾನು ಅವಳ ಹಿಂದೆಯೇ ನಿಂತಿದ್ದೆ.

"ದಾರಿ ಬಿಡ್ರಿ ಬಾಯಿ, ಮುಂದಿನ ಊರಿಗಿ ಹೋಗೋದದ," ಅಂದ ಡ್ರೈವರು.

"ಇವತ್ತು ನಮ್ಮ ಓಣಿಯಿಂದ ಸುರು ಮಾಡ್ರಿ," ಅಂದಳು ಅಕ್ಕ. "ನಾವು ಬೋರಿನ ನೀರು ಕುಡ್ಯಾಂಗಿಲ್ಲ. ಅದರಾಗ ಇಷ ಅದ. ಬೇಕಾದ್ರ ನೀವು ಒಂದು ಗಿಲಾಸ ಕುಡದು ತೋರಸ್ರಿ, ಎದ್ದು ಹೋಗ್ತೇವಿ."

ಆಯಿ ಮನೆಯಿಂದ ಚೊಂಬಿನಲ್ಲಿ ಬೋರಿನ ನೀರು ತಂದು ನಿಜವಾಗಿಯೇ ಚಾಚಿದರು. ಗದರಿಸಿದವರಾರೂ ಚೊಂಬಿಗೆ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಟ್ಯಾಂಕರ್ ಓಣಿಯ ಕಡೆ ತಿರುಗಿತು.

ನಾಲ್ಕು ದಿನ ಹೀಗೆಯೇ ಆದ ಮೇಲೆ ಔರಾದಿನಿಂದ ಅಧಿಕಾರಿಗಳು ಬಂದು ನೀರು ತುಂಬಿಕೊಂಡು ಹೋದರು. ಆ ಬಳಿಕ ಬೋರಿನ ಮೋಟಾರು ಬಿಚ್ಚಿ ಬಾಯಿಗೆ ಸಿಮೆಂಟು ಹಾಕಿದರು. ಓಣಿಗೆ ದಿನಾ ಟ್ಯಾಂಕರ್ ಬರತೊಡಗಿತು. ಹಾಳುಬಾವಿಯಲ್ಲಿ ಡಬ್ಬಿ ಹಾಕಿದವನು ಎಲ್ಲಿದ್ದಾನೆಂದು ಕಡೆಗೂ ಗೊತ್ತಾಗಲಿಲ್ಲ. ಇದಾದ ಮೇಲೆ ಅಕ್ಕ ಆಡುಗಳನ್ನು ಆಯಿಗೆ ಒಪ್ಪಿಸಿ ನನ್ನೊಂದಿಗೆ ಭಾಲ್ಕಿಗೆ ಬಂದಳು.

ಹೈದರಾಬಾದಿನ ಉತ್ತರ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಮೇಡಂ ಕಾಗದವನ್ನು ನನ್ನ ಮುಂದಿಟ್ಟು ಬೆರಳಿಟ್ಟು ವಿವರಿಸಿದರು. ನೆಟ್ಟಗಿದ್ದ ಮರಿಗಳ ಒಳಗೂ ಬದಲಾವಣೆ ಆಗಿತ್ತು. ವಿಷವನ್ನು ಒಡೆದು ಹೊರಹಾಕುವ ಜೀನುಗಳು ಉರಿದೆದ್ದಂತೆ ದುಡಿಯುತ್ತಿದ್ದವು. ನರಗಳನ್ನು ಕಟ್ಟುವ ಜೀನುಗಳಲ್ಲಿ ಕೆಲವು, ಏಳಬೇಕಾದ ಹೊತ್ತಿನಲ್ಲಿ ಎದ್ದಿರಲಿಲ್ಲ. ಜೀನಿನಲ್ಲಿ ಬರೆದಿರುವುದರ ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಯಾವುದು ಯಾವಾಗ ಎಷ್ಟು ಕೆಲಸ ಮಾಡಬೇಕು ಎಂಬುದಷ್ಟೇ ಏರುಪೇರಾಗಿತ್ತು.

"ಇದು ಆಮೇಲೆ ಸರಿಹೋಗುತ್ತದಾ ಮೇಡಂ?"

"ಕೆಲವು ಸರಿಹೋಗುತ್ತವೆ. ಕೆಲವು ಗುರುತು ಜೀವನಪೂರ್ತಿ ಉಳಿಯುತ್ತವೆ. ಮುಂದಿನ ಪೀಳಿಗೆಗೂ ಹೋಗಬಹುದು ಅಂತ ಕೆಲವು ಪ್ರಾಣಿಗಳಲ್ಲಿ ಕಂಡಿದ್ದಾರೆ. ಮೀನಿನದನ್ನು ಮನುಷ್ಯರಿಗೆ ಹಾಗೇ ಹಚ್ಚಬೇಡ."

ಹಚ್ಚಬಾರದು ಅಂತ ನನಗೂ ಗೊತ್ತಿತ್ತು. ಆದರೆ ಭಾಲ್ಕಿಯ ಬಸ್ಸಿನಲ್ಲಿ ಕೂತಾಗ ಹಚ್ಚದೇ ಇರಲಾಗಲಿಲ್ಲ.

ಅವ್ವನ ಮನೆಯ ಪಡಸಾಲೆಯಲ್ಲಿ ಅಕ್ಕ ಉದ್ದು ಆರಿಸುತ್ತಿದ್ದಳು. ನನ್ನ ಮುಖ ನೋಡಿ ಮೊರವನ್ನು ಪಕ್ಕಕ್ಕಿಟ್ಟಳು. "ಬಂತೇನು?" ಅಂದಳು. ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ. ಅವಳ ಮುಂದೆ ಅದು ಬಾಯಿಗೆ ಬರಲಿಲ್ಲ.

"ಹೊಲದಾಗ ಮೋಟಾರು ಚಲೋ ಇರ್ತದ, ವೈರೂ ಚಲೋ ಇರ್ತದ ಅಕ್ಕ. ಕರೆಂಟು ಮಾತ್ರ ಬರಬೇಕಾದಾಗ ಬರಂಗಿಲ್ಲ, ಬ್ಯಾಡಾದಾಗ ಬರ್ತದ. ಬೆಳಿ ಹ್ಯಾಂಗಾಗ್ತದ? ಆ ಮರಿಗಳ ಒಳಗ ಹಂಗಾಗ್ಯಾದ."

"ನೆಟ್ಟಗ ಕಾಣೂವು ಸೈತ?"

"ನೆಟ್ಟಗ ಕಾಣೂವು ಸೈತ."

ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಅಂಗಳದಲ್ಲಿ ಅವ್ವ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು.

"ಅಂದ್ರ ನನ್ನ ಕೂಸು ಚಂದ ಹುಟ್ಟಿದ್ರೂ ನಾ ಅಂಜಬೇಕು."

"ಹಂಗಲ್ಲಕ್ಕ..."

"ಹಂಗೇ ಅದ. ಅವ್ವಗ ಹೇಳಬ್ಯಾಡ. ನಿನ್ನ ಭಾವಗೂ ಹೇಳಬ್ಯಾಡ. ನಾವಿಬ್ಬರೇ ಸಾಕು."

ಐದನೆಯ ತಿಂಗಳ ಸ್ಕ್ಯಾನಿಂಗ್ ದಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ನಾನು ನನ್ನ ಓಢಣಿಯ ಅಂಚನ್ನು ಎಳೆ ಎಳೆಯಾಗಿ ಬಿಚ್ಚಿಹಾಕಿದ್ದೆ. ಡಾಕ್ಟರು ಎಲ್ಲ ಸರಿ ಇದೆ ಅಂದರು. ಹೃದಯ, ಬೆನ್ನು, ಮುಖ ಎಲ್ಲ. ಅಕ್ಕ ನನ್ನ ಕಡೆ ನೋಡಿದಳು. ನಾನು ನಕ್ಕೆ. ಅವಳೂ ನಕ್ಕಳು. ನೆಟ್ಟಗಿದ್ದ ಮರಿಗಳು ಇಬ್ಬರ ಕಣ್ಣಲ್ಲೂ ಓಡಾಡುತ್ತಿದ್ದವು.

ಮಳೆ ಮತ್ತೆ ಬಾರದ ಆ ಭಾದ್ರಪದದಲ್ಲಿ, ಒಂದು ಮಧ್ಯಾಹ್ನ, ಭಾಲ್ಕಿಯ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ಕೈಗಿಟ್ಟಾಗ ನಾನು ಮೊದಲು ನೋಡಿದ್ದು ಗದ್ದ. ಬೆರಳಿನಿಂದ ಮುಟ್ಟಿ ನೋಡಿದೆ. ಮೂಳೆ ಇತ್ತು, ಬೆಚ್ಚಗಿತ್ತು. ಅದು ಬಾಯಿ ತೆರೆದು ಜೋರಾಗಿ ಅತ್ತಿತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಪುಣೆಯಿಂದ ಬಂದಿದ್ದ ಭಾವ ಗಾಬರಿಯಾಗಿ, "ಯಾಕ, ಏನಾತು? ಹೇಳ್ರಿ!" ಅಂದರು. ಏನೂ ಇಲ್ಲ ಅಂದೆ. ಏಳು ತಿಂಗಳ ಬಸುರಿಯಾಗಿದ್ದವಳಿಗೂ ಮಗು ಸರಿಯಾಗಿ ಹುಟ್ಟಿತ್ತು. ಪುಣೆಯವಳ ಸುದ್ದಿ ಮಾತ್ರ ಬರಲಿಲ್ಲ. ಓಣಿಯಲ್ಲಿ ಬೀಗ ಹಾಕಿದ್ದ ಅವರ ಮನೆ ಕುಸಿದು ಬಿದ್ದರೂ ಅವರು ತಿರುಗಿ ಬರಲಿಲ್ಲ.

ಮುಂದಿನ ವರ್ಷಗಳಲ್ಲಿ ಮಳೆ ಬಂತು, ಜನ ತಿರುಗಿ ಬಂದರು. ನನ್ನ ಹೆದರಿಕೆ ಬತ್ತಲಿಲ್ಲ. ಅಕ್ಕನ ಮಗಳು ನಡೆಯಲು ತಡಮಾಡಿದಾಗ ಪುಸ್ತಕ ತೆರೆದು ಕೂತೆ. ಮಾತು ಬೇಗ ಬಂದಾಗ ಅದಕ್ಕೂ ಪುಸ್ತಕ ತೆರೆದೆ. ಜ್ವರ ಬಂದರೆ, ಪರೀಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿದರೆ, ಒಂದು ಹೊತ್ತು ಸುಮ್ಮನೆ ಕೂತರೆ, ನನ್ನೊಳಗೆ ಆ ಕಾಗದದ ಸಾಲುಗಳು ಏಳುತ್ತಿದ್ದವು. ಅವಳು ಮೈನೆರೆದ ದಿನ ಮನೆಯಲ್ಲಿ ಸಿಹಿಗೆ ಸಜ್ಜಕ ಮಾಡಿದ್ದರು. ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಮುಂದಿನ ಮಕ್ಕಳ ಅಂಡಗಳೂ ಅದರೊಳಗೆ ಮೂಡಿರುತ್ತವೆ ಎಂಬುದು ಆ ಪಂಕ್ತಿಯಲ್ಲಿ ನನಗೊಬ್ಬಳಿಗೇ ನೆನಪಾಯಿತು. ನಾನು ತಾಟನ್ನು ಪಕ್ಕಕ್ಕೆ ಸರಿಸಿದೆ.

ಅಕ್ಕ ನೋಡಿದಳು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಇನ್ನ ಸಾಕು. ನನ್ನ ಮಗಳನ್ನ ಲ್ಯಾಬಿನಾಗ ನೋಡಿದಂಗ ನೋಡಬ್ಯಾಡ. ನನಗ ಅಂಜಿಕಿ ಇಲ್ಲೇನು? ಆದ್ರ ನಾ ಅಕಿ ಮುಂದ ಮಾರಿ ಹಿಂಗ ಮಾಡಂಗಿಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು. ಹೆದರಿಕೆಯನ್ನು ಮುಖದಲ್ಲಿ ತೋರದಿರಲು ಕಲಿಯುವ ಪ್ರಯತ್ನ ಮಾಡಿದೆ. ಪೂರ್ತಿ ಬರಲಿಲ್ಲ ಅಂತ ಕಾಣುತ್ತದೆ. ಯಾಕೆಂದರೆ ಕಳೆದ ವರ್ಷ ಅಕ್ಕನ ಮಗಳು ಬೀದರಿನಲ್ಲಿ ನನ್ನ ಮನೆಗೆ ಬಂದಾಗ, ಊಟದ ನಡುವೆ ತಾನಾಗಿಯೇ ಕೇಳಿದಳು.

"ಮಾವಶಿ, ನೀವು ನನ್ನ ಹಂಗ್ಯಾಕ ನೋಡ್ತೀರಿ? ಸಣ್ಣಾಕಿ ಇದ್ದಾಗಿಂದ ನೋಡಾಕತ್ತೀನಿ."

ಅವಳಾಗ ಭಾಲ್ಕಿಯಲ್ಲಿ ಕಾಲೇಜಿನಲ್ಲಿದ್ದಳು. ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ಅಕ್ಕನಿಗೆ ಫೋನು ಮಾಡಿ ಕೇಳಿದೆ. ಅಕ್ಕ, "ಹೇಳು. ಎಲ್ಲಾ ಹೇಳು, ಅರ್ಧ ಹೇಳಬ್ಯಾಡ," ಅಂದಳು. ಎಲ್ಲ ಹೇಳಿದೆ. ಹುಡುಗಿ ಊಟ ಬಿಟ್ಟು ಕೇಳಿದಳು. ಎಂಜಲು ಕೈ ಹಾಗೇ ಒಣಗಿತ್ತು.

"ಅಂದ್ರ ನನಗ ಮುಂದ ಏನಾರ ಆಗ್ತದೇನ್ರಿ?"

"ಗೊತ್ತಿಲ್ಲ ಬೇಟಾ. ಆಗದೇನೂ ಇರಬಹುದು. ಬಹಳ ಮಟ್ಟಿಗೆ ಆಗಂಗಿಲ್ಲ. ಖಾತ್ರಿ ಹೇಳೋರು ಯಾರೂ ಇಲ್ಲ."

"ಅದಕ್ಕೇನು ಟೆಸ್ಟ್ ಅದ?"

"ನಿನಗ ಉಪಯೋಗ ಆಗೂವಂಥದ್ದು ಇನ್ನೂ ಇಲ್ಲ."

ಅವಳು ಎದ್ದು ಕೈ ತೊಳೆದುಕೊಂಡು ಬಂದಳು. ಅಳಲಿಲ್ಲ. ಆದರೆ ನನ್ನ ಕಡೆ ನೋಡಲೂ ಇಲ್ಲ. "ಮೊದಲೇ ಹೇಳಬೇಕಿತ್ರಿ," ಅಂದಳು. ಬಳಿಕ ಬ್ಯಾಗು ಹೆಗಲಿಗೆ ಹಾಕಿಕೊಂಡು, ನಾಳೆ ಕ್ಲಾಸಿದೆ, ಬಸ್‌ಸ್ಟ್ಯಾಂಡಿಗೆ ಬಿಡ್ರಿ ಅಂದಳು.

ಸ್ಕೂಟರಿನ ಮೇಲೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದೆ. ಭಾಲ್ಕಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಡುವಾಗ ಕೈಯೆತ್ತಿ, "ಮುಟ್ಟಿದ ಮ್ಯಾಲ ಫೋನ್ ಮಾಡ್ತೀನ್ರಿ," ಅಂದಳು. ಮನೆಗೆ ಬಂದು ತಾಟಿನ ಮುಂದೆ ಕೂತೆ. ಅವಳ ಫೋನು ಬರುವ ತನಕ ಒಂದು ತುತ್ತೂ ಒಳಗೆ ಹೋಗಲಿಲ್ಲ.